‘ದಿ ಫಾರ್ದೆಸ್ಟ್ ಶೋರ್’: ಕಡಲ್ಗಳ್ಳರು ಎರಡೇ ಅಧ್ಯಾಯ, ಮಂತ್ರವಿದ್ಯೆಯ ಲೆಕ್ಕ ಕೊನೆಯ ಪುಟದವರೆಗೆ

ಕಡಲ್ಗಳ್ಳರು, ಮಾಂತ್ರಿಕರು, ದ್ವೀಪಗಳು, ಡ್ರ್ಯಾಗನ್‌ಗಳು ಎಲ್ಲವೂ ಒಂದೇ ಪುಸ್ತಕದಲ್ಲಿ ಬೇಕು ಅನ್ನುವ ಹದಿಹರೆಯದ ಓದುಗರು ಕಲಬುರಗಿ, ಬೀದರ, ಯಾದಗಿರಿಯಲ್ಲೂ ಈಗ ಭಾಳ ಮಂದಿ ಇದ್ದಾರೆ. ಅವರಿಗೆ ಧೈರ್ಯವಾಗಿ ಕೊಡಬಹುದಾದ ಇಂಗ್ಲಿಷ್ ಕಾದಂಬರಿ ಉರ್ಸುಲಾ ಕೆ. ಲೆ ಗ್ವಿನ್ ಬರೆದ ‘ದಿ ಫಾರ್ದೆಸ್ಟ್ ಶೋರ್’. 1972ರಲ್ಲಿ ಬಂದ ಪುಸ್ತಕ, 1973ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಅನ್ನು ಮಕ್ಕಳ ಪುಸ್ತಕಗಳ ವಿಭಾಗದಲ್ಲಿ ಪಡೆಯಿತು. ಕೊಳ್ಳುವ ಮೊದಲು ಒಂದು ಮಾತು ತಿಳಿದಿರಲಿ: ಒಟ್ಟು 13 ಅಧ್ಯಾಯಗಳಲ್ಲಿ ಕಡಲ್ಗಳ್ಳರು ಬರುವುದು ಮೂರು ಮತ್ತು ನಾಲ್ಕನೆಯದರಲ್ಲಿ ಮಾತ್ರ. ಪ್ರತಿ ಪುಟದಲ್ಲೂ ಕತ್ತಿ ಕಾಳಗ, ಹಡಗಿನ ಮೇಲೆ ಹಡಗು ಬೀಳುವುದು ಬೇಕಿದ್ದರೆ ಇದು ಆ ಪುಸ್ತಕವಲ್ಲ. ಆದರೆ ಮಂತ್ರವಿದ್ಯೆ ಹೇಗೆ ಕೆಲಸ ಮಾಡುತ್ತದೆ, ಕೆಟ್ಟರೆ ಯಾಕೆ ಕೆಡುತ್ತದೆ ಎಂಬುದಕ್ಕೆ ಇಷ್ಟು ಪಕ್ಕಾ ಲೆಕ್ಕ ಇಟ್ಟ ಕಾದಂಬರಿಗಳು ಕಡಿಮೆ. ಆ ಎರಡು ಕಡಲ್ಗಳ್ಳರ ಅಧ್ಯಾಯಗಳೂ ಅದೇ ಲೆಕ್ಕದ ಭಾಗ.

ಕಥೆ ನಡೆಯುವುದು ಅರ್ಥ್‌ಸೀ ಎಂಬ ಲೋಕದಲ್ಲಿ. ಅಲ್ಲಿ ಖಂಡಗಳಿಲ್ಲ, ನೂರಾರು ದ್ವೀಪಗಳಿವೆ, ಊರಿಂದ ಊರಿಗೆ ದೋಣಿಯೇ ದಾರಿ. ನಡುವೆ ರೋಕ್ ಎಂಬ ದ್ವೀಪ. ಅಲ್ಲಿ ಮಾಂತ್ರಿಕರ ಶಾಲೆ, ಶಾಲೆಗೆ ಒಂಬತ್ತು ಮಂದಿ ಗುರುಗಳು: ಗಾಳಿ ಮಳೆಯ ವಿದ್ಯೆಗೆ ಒಬ್ಬ, ಕಣ್ಕಟ್ಟಿಗೆ ಒಬ್ಬ, ಗಿಡಮೂಲಿಕೆಗೆ ಒಬ್ಬ, ಹೆಸರುಗಳ ವಿದ್ಯೆಗೆ ಒಬ್ಬ, ಹೀಗೆ. ಎನ್ಲಾಡ್ ಎಂಬ ಉತ್ತರದ ದ್ವೀಪದ ರಾಜಕುಮಾರ ಅರೆನ್ ಅಲ್ಲಿಗೆ ಕೆಟ್ಟ ಸುದ್ದಿ ತರುತ್ತಾನೆ. ಅವನ ನಾಡಿನ ಮಂತ್ರಗಾರರಿಗೆ ಮಂತ್ರಗಳೇ ನೆನಪಾಗುತ್ತಿಲ್ಲ. ಬೇರೆ ದ್ವೀಪಗಳಿಂದಲೂ ಅಂಥದ್ದೇ ಸುದ್ದಿ. ಎಲ್ಲ ಮಾಂತ್ರಿಕರಿಗೂ ಹಿರಿಯನಾದ ಗೆಡ್, ಈ ಹುಡುಗನೊಬ್ಬನನ್ನೇ ಕರೆದುಕೊಂಡು, ಲುಕ್‌ಫಾರ್ ಎಂಬ ಪುಟ್ಟ ಹಾಯಿದೋಣಿಯಲ್ಲಿ ಕಾರಣ ಹುಡುಕಿ ಹೊರಡುತ್ತಾನೆ. ಸೈನ್ಯವಿಲ್ಲ, ದೊಡ್ಡ ಹಡಗಿಲ್ಲ. ಇಬ್ಬರು ಮನುಷ್ಯರು, ಒಂದು ಹಾಯಿ, ಒಂದು ಚುಕ್ಕಾಣಿ.

ಮೂರನೇ ಅಧ್ಯಾಯ ‘ಹಾರ್ಟ್ ಟೌನ್’. ದಕ್ಷಿಣದ ದೊಡ್ಡ ಬಂದರು ಪೇಟೆ. ಗೆಡ್ ಇಲ್ಲಿ ವ್ಯಾಪಾರಿಯ ವೇಷದಲ್ಲಿ ಇಳಿಯುತ್ತಾನೆ. ಪೇಟೆ ತುಂಬ ಸರಕು, ಆದರೆ ಎಲ್ಲಾ ಕಳಪೆ. ಹಜಿಯಾ ಎಂಬ ಮಾದಕ ವಸ್ತುವಿಗೆ ಬಿದ್ದವರು ಚೌಕದಲ್ಲೇ ನಡುಗುತ್ತ ಕೂತಿದ್ದಾರೆ. ಹಿಂದೆ ಕಣ್ಕಟ್ಟು ಬಲ್ಲ ಹೆಂಗಸು ಈಗ ಬಟ್ಟೆ ಮಾರುತ್ತಾಳೆ, ಆ ವಿದ್ಯೆಯೆಲ್ಲ ಮುಗಿಯಿತು ಅನ್ನುತ್ತಾಳೆ. ಲೇಖಕಿ ಒಂದು ಪೇಟೆಯ ಹದ ತಪ್ಪಿದ್ದನ್ನು ದೊಡ್ಡ ಮಾತಿನಲ್ಲಿ ಹೇಳುವುದಿಲ್ಲ. ಅಂಗಡಿಯಿಂದ ಅಂಗಡಿಗೆ ನಡೆಸಿ, ಮಾಲು ಮುಟ್ಟಿಸಿ, ದರ ಕೇಳಿಸಿ ತೋರಿಸುತ್ತಾಳೆ.

ಇದೇ ಊರಲ್ಲಿ ಹೇರ್ ಎಂಬವನಿದ್ದಾನೆ. ಹಿಂದೆ ಎಗ್ರೆ ಎಂಬ ಕಡಲ್ಗಳ್ಳ ನಾಯಕನ ಬಳಿ ಮಂತ್ರಗಾರನಾಗಿದ್ದವ, ಹಡಗಿಗೆ ಬೇಕಾದ ಗಾಳಿ ತರಿಸುವುದು ಅವನ ಕೆಲಸ. ಈಗ ಒಂದು ಕೈ ಇಲ್ಲ, ವಿದ್ಯೆಯೂ ಇಲ್ಲ, ಉಳಿದಿರುವುದು ಹಜಿಯಾ ಮಾತ್ರ. ಕಾದಂಬರಿಯ ಬೆಲೆ ತಿಳಿಯುವುದು ಈ ಪಾತ್ರದಲ್ಲಿ. ಹಾಯಿ ಹಡಗಿನ ಕಾಲದಲ್ಲಿ ಕಡಲ್ಗಳ್ಳನಿಗೆ ಫಿರಂಗಿಗಿಂತ ಮೊದಲು ಬೇಕಾದದ್ದು ಗಾಳಿ. ಓಡುವ ಹಡಗಿಗೂ ಬೆನ್ನಟ್ಟುವ ಹಡಗಿಗೂ ಬೀಸುವುದು ಒಂದೇ ಗಾಳಿ, ಅದನ್ನು ತನ್ನ ಕಡೆ ತಿರುಗಿಸಿಕೊಂಡವನೇ ಗೆದ್ದ. ಹಾಗಾಗಿ ಮಂತ್ರ ಇರುವ ಲೋಕದಲ್ಲಿ ಕಡಲ್ಗಳ್ಳ ಮೊದಲು ಕೊಂಡುಕೊಳ್ಳುವ ಸರಕು ಗಾಳಿ ಬಲ್ಲ ಮಂತ್ರಗಾರ. ಇಷ್ಟು ಸರಳ ತರ್ಕವನ್ನೂ ಯೋಚಿಸದೆ ಕಡಲ್ಗಳ್ಳರ ಫ್ಯಾಂಟಸಿ ಬರೆಯುವವರು ಇದ್ದಾರೆ. ಅವರ ಹಡಗಿನಲ್ಲಿ ಮಂತ್ರವೂ ಇರುತ್ತದೆ, ಹಾಯಿಯೂ ಇರುತ್ತದೆ, ಎರಡಕ್ಕೂ ಸಂಬಂಧ ಇರುವುದಿಲ್ಲ. ಲೆ ಗ್ವಿನ್ ಆ ತರ್ಕವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯುತ್ತಾಳೆ: ಗುಲಾಮರನ್ನು ಹಿಡಿದು ಮಾರುವವರಿಗೆ ವಿದ್ಯೆ ಮಾರಿದವನ ಗತಿ ಏನಾಗುತ್ತದೆ ಎಂದು ಹೇರ್‌ನ ಕೋಣೆಯಲ್ಲೇ ಕೂರಿಸಿ ತೋರಿಸುತ್ತಾಳೆ.

ಆ ಕೋಣೆಗೆ ಕಳ್ಳರು ನುಗ್ಗಿದಾಗ ಅರೆನ್ ಅವರನ್ನು ಗೆಡ್‌ನಿಂದ ದೂರ ಸೆಳೆಯಲು ಬೀದಿಗೆ ಓಡುತ್ತಾನೆ, ಸಿಕ್ಕಿಬೀಳುತ್ತಾನೆ, ಕಣ್ಣು ಬಿಟ್ಟಾಗ ಗುಲಾಮರ ಹಡಗಿನಲ್ಲಿದ್ದಾನೆ. ‘ಮೇಜ್‌ಲೈಟ್’ ಎಂಬ ನಾಲ್ಕನೇ ಅಧ್ಯಾಯದ ಈ ಭಾಗ ಚಿಕ್ಕದು, ಆದರೆ ಬಿಗಿ. ಹಡಗಿನ ಒಡಲಿನ ಕತ್ತಲು, ನಾತ, ಕಬ್ಬಿಣ, ಹೊರಗೆ ಮಂಜು. ಆ ಮಂಜಿನೊಳಗಿಂದ ಪುಟ್ಟ ದೋಣಿ ಬರುತ್ತದೆ, ಬೆಳಕು ಹೊತ್ತುತ್ತದೆ, ಹಡಗಿನ ಬೇಡಿಗಳೆಲ್ಲ ಕಳಚಿಕೊಳ್ಳುತ್ತವೆ. ಗೆಡ್ ಕಡಲ್ಗಳ್ಳರ ನಾಯಕನನ್ನು ಕೊಲ್ಲುವುದಿಲ್ಲ. ಯಾಕೆ ಕೊಲ್ಲಲಿಲ್ಲ ಎಂಬ ಮಾತುಕತೆ ಅದಾದ ಮೇಲೆ ದೋಣಿಯಲ್ಲಿ ನಡೆಯುತ್ತದೆ. ಹದಿನಾರರ ಓದುಗರು ಜಗಳವಾಡಿಕೊಂಡು ಚರ್ಚಿಸಬೇಕಾದ ಪುಟಗಳು ಅವು.

ಮಂತ್ರದ ನಿಯಮಗಳನ್ನು ಬಿಡಿಸಿ ಹೇಳಿದರೆ ಮುಂದಿನ ಓದು ಸುಲಭ. ಪ್ರತಿ ವಸ್ತುವಿಗೂ, ಪ್ರತಿ ಜೀವಿಗೂ ಒಂದು ನಿಜನಾಮ ಇದೆ. ಅದು ಹಳೆಯ ಭಾಷೆಯಲ್ಲಿದೆ, ಡ್ರ್ಯಾಗನ್‌ಗಳು ಹುಟ್ಟಿನಿಂದ ಆಡುವುದು ಆ ಭಾಷೆಯನ್ನೇ. ಹೆಸರು ಗೊತ್ತಿದ್ದವನಿಗೆ ಆ ವಸ್ತುವಿನ ಮೇಲೆ ಹಿಡಿತ. ಆದ್ದರಿಂದ ಮನುಷ್ಯರು ನಿಜನಾಮ ಮುಚ್ಚಿಟ್ಟು ಬಳಕೆಯ ಹೆಸರಿನಲ್ಲಿ ಬದುಕುತ್ತಾರೆ. ನಿಜನಾಮ ಹೇಳಿಕೊಟ್ಟರೆ ಪ್ರಾಣವನ್ನೇ ಕೈಗೆ ಕೊಟ್ಟಂತೆ. ಎರಡನೆಯದು, ಕಣ್ಕಟ್ಟು ಬೇರೆ, ನಿಜವಾದ ಬದಲಾವಣೆ ಬೇರೆ. ಕಣ್ಣಿಗೆ ಮಾತ್ರ ಕಾಣುವ ರೂಪ ಸುಲಭ, ವಸ್ತುವನ್ನೇ ಬದಲಿಸುವುದು ಕಷ್ಟ, ಅಪಾಯವೂ ಹೌದು. ಮೂರನೆಯದೇ ಮುಖ್ಯ: ಲೋಕ ತೂಕದ ಮೇಲೆ ನಿಂತಿದೆ, ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಇಳಿಯುತ್ತದೆ. ಇಲ್ಲಿ ಮಳೆ ತರಿಸಿದರೆ ಮತ್ತೊಂದು ದ್ವೀಪದಲ್ಲಿ ಬರ ಬೀಳಬಹುದು. ತೊಗರಿ ಬಿತ್ತಿ ಮುಗಿಲು ನೋಡುವ ಜಿಲ್ಲೆಗಳವರಿಗೆ, 2017ರ ‘ವರ್ಷಧಾರಿ’ ಮೋಡ ಬಿತ್ತನೆಯ ಸುದ್ದಿ ಕೇಳಿದವರಿಗೆ, ಈ ನಿಯಮವನ್ನು ಉದಾಹರಣೆ ಕೊಟ್ಟು ವಿವರಿಸಬೇಕಿಲ್ಲ. ಗೆಡ್‌ನಂಥ ಮಾಂತ್ರಿಕ ದೋಣಿಗೆ ಸುಮ್ಮಸುಮ್ಮನೆ ಮಂತ್ರದ ಗಾಳಿ ತರಿಸದೆ ಇರುವುದೂ ಇದೇ ಕಾರಣಕ್ಕೆ. ಬೀಸುವ ಗಾಳಿಗೆ ಹಾಯಿ ಹೊಂದಿಸಿ ಹೋಗುತ್ತಾನೆ, ಬೇರೆ ದಾರಿ ಇಲ್ಲದಾಗ ಮಾತ್ರ ವಿದ್ಯೆ ಬಳಸುತ್ತಾನೆ. ಓದುಗರು ಇದನ್ನು ಹಿಡಿಯದಿದ್ದರೆ ‘ಇಷ್ಟು ದೊಡ್ಡ ಮಾಂತ್ರಿಕ, ಏನೂ ಮಾಡ್ತಿಲ್ಲವಲ್ಲ’ ಎಂದು ಐದನೇ ಅಧ್ಯಾಯದಲ್ಲೇ ಬೇಜಾರು ಹತ್ತುತ್ತದೆ.

ಸಮುದ್ರ ನಮ್ಮ ಕಡೆಯವರಿಗೆ ದೂರ, ಆದರೆ ಕಡಲ್ಗಳ್ಳರ ಕಥೆ ಅಷ್ಟು ದೂರದ್ದಲ್ಲ. ಬೀದರಿನ ಬಹಮನಿ ದರ್ಬಾರಿನ ಮಂತ್ರಿ ಮಹಮೂದ್ ಗವಾನ್ ಕೊಂಕಣದ ಮೇಲೆ ದಂಡೆತ್ತಿ ಹೋಗಿ 1472ರಲ್ಲಿ ಗೋವಾ ಹಿಡಿದದ್ದು ಶಾಲೆಯ ಪುಸ್ತಕದಲ್ಲಿದೆ. ಆ ದಂಡಯಾತ್ರೆಗೆ ಚರಿತ್ರೆಕಾರರು ಕೊಡುವ ಕಾರಣಗಳಲ್ಲಿ ಒಂದು, ಖೇಳಣಾ ಮತ್ತು ಸಂಗಮೇಶ್ವರದ ಅರಸರ ಹಡಗುಗಳು ವ್ಯಾಪಾರಿಗಳನ್ನು, ಯಾತ್ರಿಕರನ್ನು ಸಮುದ್ರದಲ್ಲಿ ದೋಚುತ್ತಿದ್ದವು ಎಂಬುದು. ಗವಾನನ ನಂತರ ಬಹಮನಿಗಳ ಅಧಿಕಾರಿಯೇ ಆಗಿದ್ದ ಬಹಾದುರ್ ಗಿಲಾನಿ ಗೋವಾ, ದಾಭೋಳ ಹಿಡಿದುಕೊಂಡು ಗುಜರಾತಿನ ಹಡಗುಗಳನ್ನು ಲೂಟಿ ಮಾಡಿದ. 1494ರಲ್ಲಿ ಬಹಮನಿ ಸೈನ್ಯದ ಕೈಯಲ್ಲಿ ಸತ್ತ. ಗವಾನನ ಕಾಲದಲ್ಲೇ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ಸಮುದ್ರದಲ್ಲಿ ದರೋಡೆಕೋರರು ಬಹಳ ಎಂದು ಬರೆದಿಟ್ಟಿದ್ದಾನೆ. ಅವನೇ ಆಳಂದದ ಜಾತ್ರೆಯ ವಿಷಯವನ್ನೂ ಬರೆದ. ಅಲ್ಲಿ ಗುಕುಕ್ ಎಂಬ ಹಕ್ಕಿ ಇದೆಯಂತೆ, ರಾತ್ರಿ ಕೂಗುತ್ತ ಹಾರುತ್ತದಂತೆ, ಯಾವ ಮನೆ ಮೇಲೆ ಕೂತರೆ ಆ ಮನೆಯಲ್ಲಿ ಸಾವಂತೆ, ಕೊಲ್ಲಹೋದರೆ ಬಾಯಿಂದ ಬೆಂಕಿ ಉಗುಳುತ್ತದಂತೆ. ಕಡಲ್ಗಳ್ಳರು ಮತ್ತು ಬೆಂಕಿ ಉಗುಳುವ ಹಕ್ಕಿ, ಎರಡೂ ಒಬ್ಬನೇ ಪ್ರವಾಸಿಯ ಟಿಪ್ಪಣಿಯಲ್ಲಿ, ಒಂದು ನಮ್ಮ ಕಲಬುರಗಿ ಜಿಲ್ಲೆಯ ಊರಿನ ಹೆಸರಿನೊಂದಿಗೆ. ಹಾಗಾಗಿ ಈ ಕಾದಂಬರಿಯನ್ನು ‘ನಮಗೆ ಸಂಬಂಧವಿಲ್ಲದ ಪರದೇಶದ ಕಥೆ’ ಎಂದು ಪಕ್ಕಕ್ಕಿಡುವ ಮೇಷ್ಟ್ರುಗಳ ಮಾತು ಕೇಳಬೇಕಿಲ್ಲ.

ಕಡಲ್ಗಳ್ಳರ ಹಡಗಿನಿಂದ ಪಾರಾದ ಮೇಲೆ ದೋಣಿ ಹೋಗುವುದು ಲಾರ್ಬನೆರಿಗೆ. ರೇಷ್ಮೆಯ ದ್ವೀಪ. ಇಡೀ ಕಾದಂಬರಿಯಲ್ಲಿ ಅತ್ಯಂತ ಚೆನ್ನಾಗಿ ಕಟ್ಟಿದ ಅಧ್ಯಾಯ ಇದೇ, ಆದರೆ ಅವಸರದ ಓದುಗರು ಹಾರಿಸಿಬಿಡುವುದೂ ಇದನ್ನೇ. ಅಲ್ಲಿ ರೇಷ್ಮೆ ನೂಲುತ್ತಾರೆ, ನೇಯುತ್ತಾರೆ, ಆದರೆ ಬಟ್ಟೆ ಮೊದಲಿನಂತಿಲ್ಲ. ಬಣ್ಣ ಹಾಕುವ ವಿದ್ಯೆ ಒಂದು ಮನೆತನದಲ್ಲಿತ್ತು, ಅದರಲ್ಲಿ ಮಂತ್ರವೂ ಸೇರಿತ್ತು. ಆ ವಿದ್ಯೆ ಹೋಗಿಬಿಟ್ಟಿದೆ. ಊರ ಮುಖ್ಯಸ್ಥನನ್ನು ಕೇಳಿದರೆ ಇಲ್ಲಿ ಮಂತ್ರವಿದ್ಯೆ ಯಾವತ್ತೂ ಇರಲೇ ಇಲ್ಲ ಅನ್ನುತ್ತಾನೆ. ಇದ್ದದ್ದು ಹೋದದ್ದಕ್ಕಿಂತ, ಇತ್ತು ಎಂಬುದನ್ನೇ ಒಪ್ಪದಿರುವುದು ಹೆಚ್ಚು ಹೆದರಿಸುತ್ತದೆ.

ಬೀದರಿನವರು ಈ ಅಧ್ಯಾಯವನ್ನು ಬಿದರಿ ಕೆಲಸ ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. ಸತುವು ಹೆಚ್ಚು, ತಾಮ್ರ ಕಡಿಮೆ, ಸುಮಾರು 16ಕ್ಕೆ 1ರ ಲೆಕ್ಕದಲ್ಲಿ ಕರಗಿಸಿ ಎರಕ ಹೊಯ್ಯುತ್ತಾರೆ. ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರ ಎಂಬ ಲವಣದ ಜೊತೆ ನೀರಿನಲ್ಲಿ ಕಾಯಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಆಗಬೇಕು, ಸರಿಯಾದ ಮಣ್ಣು ಹೌದೋ ಅಲ್ಲವೋ ಎಂದು ಕುಶಲಕರ್ಮಿ ನಾಲಗೆಗೆ ಹಚ್ಚಿ ನೋಡುತ್ತಾನೆ. ಆ ನಾಲಗೆಯ ಅರಿವು ಒಂದು ತಲೆಮಾರಿನಲ್ಲಿ ಕೈತಪ್ಪಿದರೆ ಸತುವು ಇರುತ್ತದೆ, ಬೆಳ್ಳಿ ಇರುತ್ತದೆ, ಕೋಟೆಯೂ ಇರುತ್ತದೆ, ಬಿದರಿ ಇರುವುದಿಲ್ಲ. ಲಾರ್ಬನೆರಿಯಲ್ಲಿ ನಡೆದದ್ದು ಇದೇ. ಲೆ ಗ್ವಿನ್‌ಳ ಮಾಂತ್ರಿಕರು ಕೋಲು ಝಳಪಿಸುವವರಿಗಿಂತ ಕಸುಬುದಾರರಿಗೆ ಹತ್ತಿರ. ಅವರ ವಿದ್ಯೆ ಹೋದರೆ ನೋವಾಗುವುದು ಅದಕ್ಕೇ.

ಎಂಟನೇ ಅಧ್ಯಾಯದ ತೆಪ್ಪದ ಜನರ ಬಗ್ಗೆಯೂ ಹೇಳಲೇಬೇಕು. ನಡುಗಡಲಿನಲ್ಲಿ ಮರದ ದೊಡ್ಡ ತೆಪ್ಪಗಳ ಮೇಲೆ ಹುಟ್ಟಿ, ಮದುವೆಯಾಗಿ, ಮುದುಕರಾಗುವ ಜನ. ತಿಮಿಂಗಿಲಗಳ ಹಿಂದೆ ಸಾಗುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ಒಂದು ದಂಡೆಗೆ ಬಂದು ಮರ ಕಡಿದು ತೆಪ್ಪ ರಿಪೇರಿ ಮಾಡಿಕೊಂಡು ಮತ್ತೆ ಹೊರಡುತ್ತಾರೆ. ನಿಲ್ಗು ಎಂಬ ಕಡಲಪಾಚಿಯಿಂದಲೇ ಅವರ ಬಟ್ಟೆ, ಹಗ್ಗ, ಬಲೆ. ನಾಲ್ಕೇ ಸಾಲಿನಲ್ಲಿ ಒಂದು ಜನಾಂಗದ ಊಟ, ಉಡುಗೆ, ವರ್ಷದ ಪಂಚಾಂಗ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಕೃಷ್ಣೆ ಉಕ್ಕಿದಾಗ ದ್ವೀಪವಾಗುವ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ಸುದ್ದಿ ಓದಿದವರಿಗೆ, ನೀರಿನ ನಡುವೆ ಬದುಕುವುದೆಂದರೆ ಮೊದಲು ಉಪ್ಪು, ಕಟ್ಟಿಗೆ, ಹಗ್ಗದ ಚಿಂತೆ ಎಂಬುದು ಗೊತ್ತು. ಅದನ್ನು ಮರೆಯದ ಫ್ಯಾಂಟಸಿ ಇದು. ಅವರ ಹಬ್ಬದ ರಾತ್ರಿ ಹಾಡುಗಾರರಿಗೆ ಹಾಡು ಮರೆತುಹೋಗುವ ದೃಶ್ಯ ಇಲ್ಲೇ ಬರುತ್ತದೆ. ಆಗ ಯಾರು ಹಾಡುತ್ತಾರೆ ಎಂಬುದನ್ನು ಇಲ್ಲಿ ಬಿಟ್ಟುಕೊಡುವುದು ಸರಿಯಲ್ಲ.

ತಂದೆತಾಯಿಗಳು ಕೇಳುವ ಪ್ರಶ್ನೆಗೆ ನೇರ ಉತ್ತರ: ಅಶ್ಲೀಲ ಇಲ್ಲ, ಪ್ರೇಮಕಥೆಯೂ ಇಲ್ಲ. ಮಾದಕ ವಸ್ತು ಇದೆ, ಅದನ್ನು ಸೇವಿಸಿದವರ ಹಾಳು ಬದುಕೂ ಇದೆ. ಗುಲಾಮಗಿರಿ ಇದೆ. ಸಾವಿನ ಮಾತು ಉದ್ದಕ್ಕೂ ಇದೆ, ಕೊನೆಯ ಭಾಗ ಸತ್ತವರ ನಾಡಿನಲ್ಲೇ ನಡೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಡುವಿನಲ್ಲಿದೆ. ಗೆಡ್ ಗಾಯಗೊಂಡು ಬಿದ್ದಾಗ ಅರೆನ್‌ಗೆ ಏನೂ ಬೇಡವಾಗುತ್ತದೆ. ದೋಣಿ ನಡೆಸುವುದು ಬೇಡ, ಗಾಯ ನೋಡುವುದು ಬೇಡ, ಎಲ್ಲಿಗಾದರೂ ತೇಲಿಹೋಗಲಿ ಅನ್ನಿಸುತ್ತದೆ. ಖಿನ್ನತೆ ಎಂಬ ಮಾತನ್ನೇ ಎತ್ತದೆ ಅದರ ಒಳಗನ್ನು ಇಷ್ಟು ನಿಜವಾಗಿ ತೋರಿಸಿದ ಪುಟಗಳು ಹದಿಹರೆಯದವರ ಪುಸ್ತಕಗಳಲ್ಲಿ ವಿರಳ. ಅರೆನ್‌ನನ್ನು ಹೇಡಿ ಎಂದು ಲೇಖಕಿ ಬೈಯುವುದಿಲ್ಲ, ಸಮಾಧಾನದ ಉಪದೇಶವನ್ನೂ ಮಾಡುವುದಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಹೆದರಿ ಕೂತ ವಯಸ್ಸಿನವರು ಇದನ್ನು ಓದಿ, ದೊಡ್ಡವರೊಬ್ಬರ ಜೊತೆ ಮಾತಾಡಿದರೆ ಒಳ್ಳೆಯದು. ಹದಿಮೂರು ವರ್ಷದ ಕೆಳಗಿನವರಿಗೆ ಕೊಡಬೇಡಿ. ಅರ್ಥವಾಗುವುದಿಲ್ಲ ಅಂತಲ್ಲ, ಕೊನೆಯ ಮೂರು ಅಧ್ಯಾಯ ಭಾರವಾಗುತ್ತದೆ.

ಕೊರತೆಗಳೂ ಇವೆ. ಮೊದಲನೆಯದು ಹೆಣ್ಣು ಪಾತ್ರಗಳು. ಬಟ್ಟೆ ಮಾರುವವಳು, ಬಣ್ಣಗಾರ್ತಿ ಹೀಗೆ ಬಂದು ಹೋಗುತ್ತಾರೆ, ಪ್ರಯಾಣದಲ್ಲಿ, ಶಾಲೆಯಲ್ಲಿ, ತೀರ್ಮಾನಗಳಲ್ಲಿ ಎಲ್ಲೂ ಹೆಣ್ಣಿಲ್ಲ. ಹುಡುಗಿಯರು ಓದಿ ‘ನಮಗೆ ಜಾಗ ಎಲ್ಲಿ’ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಲೆ ಗ್ವಿನ್ ತಾನೇ 1990ರಲ್ಲಿ ‘ತೆಹಾನು’ ಬರೆದು ಅದೇ ಲೋಕವನ್ನು ಹೆಣ್ಣಿನ ಕಡೆಯಿಂದ ಮತ್ತೆ ನೋಡಿದಳು. ಎರಡನೆಯದು, ಖಳನ ಮುಖ ತೀರಾ ತಡವಾಗಿ ಕಾಣುತ್ತದೆ, ಅಲ್ಲಿಯವರೆಗೆ ಅವನ ನೆರಳು ಮಾತ್ರ. ಮೂರನೆಯದು, ಎರಡನೇ ಅಧ್ಯಾಯ ಪೂರ್ತಿ ಗುರುಗಳ ಮಾತುಕತೆ, ಕಥೆ ಕದಲುವುದಿಲ್ಲ. ಪುಸ್ತಕ ಅರ್ಧಕ್ಕೆ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಅಲ್ಲೇ.

ಅದಕ್ಕೆ ಓದುವ ಕ್ರಮ ಹೀಗಿರಲಿ. ಇದು ಸರಣಿಯ ಮೂರನೇ ಪುಸ್ತಕ. ‘ಎ ವಿಝರ್ಡ್ ಆಫ್ ಅರ್ಥ್‌ಸೀ’ 1968ರದ್ದು, ಎರಡನೆಯದು ‘ದಿ ಟೂಂಬ್ಸ್ ಆಫ್ ಅಟುವಾನ್’. ಸಮಯವಿದ್ದರೆ ಮೊದಲನೆಯದನ್ನಾದರೂ ಓದಿ ಬನ್ನಿ. ಇಲ್ಲದಿದ್ದರೆ ಮೂರು ಸಂಗತಿ ತಿಳಿದರೆ ಸಾಕು: ಗೆಡ್ ಗಾಂಟ್ ಎಂಬ ದ್ವೀಪದಲ್ಲಿ ಆಡು ಕಾಯುವ ಹುಡುಗನಾಗಿದ್ದವ, ಸ್ಪ್ಯಾರೋಹಾಕ್ ಅವನದೇ ಬಳಕೆಯ ಹೆಸರು; ಚಿಕ್ಕವನಿದ್ದಾಗ ಸೊಕ್ಕಿನಿಂದ ಸತ್ತವರನ್ನು ಕರೆಯಲು ಹೋಗಿ ಅನಾಹುತ ಮಾಡಿಕೊಂಡವ; ಆಮೇಲೆ ಎರೆತ್-ಅಕ್ಬೆಯ ಒಡೆದ ಉಂಗುರವನ್ನು ಕೂಡಿಸಿ ತಂದವ. ಓದುವಾಗ ನಕಾಶೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಪ್ರತಿ ಅಧ್ಯಾಯಕ್ಕೂ ದೋಣಿ ಎಲ್ಲಿದೆ ನೋಡಿ. ರೋಕ್‌ನಿಂದ ದಕ್ಷಿಣಕ್ಕೆ, ಆಮೇಲೆ ಪಶ್ಚಿಮದ ಕಟ್ಟಕಡೆಯ ಸೆಲಿಡಾರ್‌ಗೆ. ದಿಕ್ಕು ತಪ್ಪಿದರೆ ಕಥೆಯೂ ತಪ್ಪುತ್ತದೆ. ಎರಡನೇ ಅಧ್ಯಾಯವನ್ನು ಒಂದೇ ಬಾರಿಗೆ ಮುಗಿಸಲು ಹೋಗಬೇಡಿ, ಮೂರು ನಾಲ್ಕನ್ನು ಮಾತ್ರ ಒಂದೇ ಕೂತಿನಲ್ಲಿ ಓದಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಾಕ್ಯಗಳು ಸ್ವಲ್ಪ ಹಳೆಯ ಗತ್ತಿನವು ಅನ್ನಿಸುತ್ತವೆ. ಗಟ್ಟಿಯಾಗಿ ಓದಿದರೆ ಅರ್ಥ ಬೇಗ ಬಿಚ್ಚಿಕೊಳ್ಳುತ್ತದೆ, ಯಾಕೆಂದರೆ ಲೇಖಕಿ ವಾಕ್ಯ ಕಟ್ಟಿರುವುದೇ ಕಿವಿಗೆ. ಹಾಯಿ, ಚುಕ್ಕಾಣಿ, ಹುಟ್ಟು, ದೋಣಿಯ ಮೂತಿ, ಇವುಗಳ ಇಂಗ್ಲಿಷ್ ಪದಗಳನ್ನು ಮೊದಲೇ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಪದಕೋಶಕ್ಕೆ ಪದೇ ಪದೇ ಕೈ ಹಾಕುವುದು ತಪ್ಪುತ್ತದೆ.

ಸಿನಿಮಾ ನೋಡಿ ಪುಸ್ತಕ ಬಿಡುವ ಯೋಚನೆ ಬೇಡ. 2006ರ ಸ್ಟುಡಿಯೊ ಜಿಬ್ಲಿ ಅನಿಮೇಷನ್ ಚಿತ್ರ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಹೆಚ್ಚಾಗಿ ಈ ಕಾದಂಬರಿಯ ಪಾತ್ರಗಳನ್ನು ತೆಗೆದುಕೊಂಡರೂ ಕಥೆಯನ್ನು ಬದಲಿಸಿದೆ, ಅರೆನ್ ಅಲ್ಲಿ ಬೇರೆಯೇ ಹುಡುಗ. ಮುಖಪುಟದ ಚಿತ್ರವನ್ನೂ ನಂಬಬೇಡಿ. ಅರ್ಥ್‌ಸೀಯ ಹೆಚ್ಚಿನ ಜನ ಕಂದು ಮೈಬಣ್ಣದವರು, ಗೆಡ್ ಕೆಂಗಂದು ಬಣ್ಣದವ. ಹಲವು ಮುದ್ರಣಗಳು ಅವನನ್ನು ಬಿಳಿಯನಾಗಿ ಚಿತ್ರಿಸಿದವು, ಲೆ ಗ್ವಿನ್ ಇದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದ್ದಳು. ನಮ್ಮ ಹುಡುಗರು ತಮ್ಮ ಬಣ್ಣದ ನಾಯಕನನ್ನು ಇಂಗ್ಲಿಷ್ ಫ್ಯಾಂಟಸಿಯಲ್ಲಿ ಕಾಣುವ ಅಪರೂಪದ ಅವಕಾಶ ಇದು, ಮುಖಪುಟಕ್ಕಾಗಿ ಅದನ್ನು ಕಳೆದುಕೊಳ್ಳಬಾರದು.

ಕೊಳ್ಳುವವರಿಗೆ ಮೂರು ದಾರಿ. ಬಿಡಿ ಪೇಪರ್‌ಬ್ಯಾಕ್ ಬಸ್ಸಿನಲ್ಲಿ ಓದಲು ಸರಿ. ಮೊದಲ ನಾಲ್ಕು ಕಾದಂಬರಿ ಒಟ್ಟಿಗಿರುವ ‘ದಿ ಅರ್ಥ್‌ಸೀ ಕ್ವಾರ್ಟೆಟ್’ ಸರಣಿ ಓದುವವರಿಗೆ ಲಾಭ. ಚಾರ್ಲ್ಸ್ ವೆಸ್ ಚಿತ್ರಗಳಿರುವ 2018ರ ‘ದಿ ಬುಕ್ಸ್ ಆಫ್ ಅರ್ಥ್‌ಸೀ’ ನೋಡಲು ಸುಂದರ, ಆದರೆ ಇಡೀ ಸರಣಿ ಒಂದೇ ಸಂಪುಟದಲ್ಲಿ ಇರುವುದರಿಂದ ತೂಕ ಜಾಸ್ತಿ, ಮೇಜಿನ ಮೇಲಿಟ್ಟೇ ಓದಬೇಕು. ಅದು ಶಾಲೆಯ ಗ್ರಂಥಾಲಯಕ್ಕೆ ತಕ್ಕದ್ದು. ಇ-ಪುಸ್ತಕದಲ್ಲಿ ನಕಾಶೆ ಸಣ್ಣದಾಗಿ ಕಾಣುತ್ತದೆ, ದ್ವೀಪಗಳ ಹೆಸರು ಓದಲು ದೊಡ್ಡ ಪರದೆ ಬೇಕು. ಬೀದರ, ಕಲಬುರಗಿಯಿಂದ ಹೈದರಾಬಾದಿಗೆ ಹೋಗಿಬರುವವರು ಅಬಿಡ್ಸ್‌ನ ಭಾನುವಾರದ ಹಳೆ ಪುಸ್ತಕದ ಸಾಲಿನಲ್ಲಿ ಹುಡುಕಬಹುದು. ಹಳೆಯ ಪ್ರತಿ ಕೈಗೆತ್ತಿಕೊಂಡಾಗ ಮೊದಲು ನಕಾಶೆಯ ಪುಟ ಹರಿದಿಲ್ಲವೇ ನೋಡಿ. ಆಮೇಲೆ ಪುಸ್ತಕವನ್ನು ಮಧ್ಯಕ್ಕೆ ಬಿಡಿಸಿ ಹೊಲಿಗೆ ಅಥವಾ ಅಂಟು ಬಿಟ್ಟಿದೆಯೇ ಪರೀಕ್ಷಿಸಿ. ಅಂಟು ಒಣಗಿದ ಹಳೆಯ ಪೇಪರ್‌ಬ್ಯಾಕ್ ನಮ್ಮ ಏಪ್ರಿಲ್ ಮೇ ಜಳಕ್ಕೆ ಹಾಳೆಹಾಳೆಯಾಗಿ ಕಳಚುತ್ತದೆ. ಕೊನೆಗೆ ಹಿಂದಿನ ಪುಟಗಳಿಗೆ ಹೋಗಿ 13ನೇ ಅಧ್ಯಾಯ ‘ದಿ ಸ್ಟೋನ್ ಆಫ್ ಪೇನ್’ ಪೂರ್ತಿ ಇದೆಯೇ ಎಂದು ನೋಡಿಕೊಂಡು ದುಡ್ಡು ಕೊಡಿ.